ಸೇವೆನ್ ಬೆಟ್ಟಗಳ ಮೌನ ಎಲ್ಲಿಂದ ಬಂತು?

(ಪ್ರವಾಸಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಫ್ರಾನ್ಸ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಪ್ಯಾರಿಸ್. ಪ್ಯಾರಿಸ್ ಎಂದೊಡನೆ ಐಫೆಲ್ ಗೋಪುರ. ಆದರೆ ಫ್ರೆಂಚರಿಗೇ ಪ್ಯಾರಿಸ್ ಸಾಕಾದಾಗ ಅವರು ಎಲ್ಲಿಗೆ ಹೋಗುತ್ತಾರೆ? ಹಲವರು ಕಡಲ ತೀರಕ್ಕೆ ಹೋಗುತ್ತಾರೆ. ಇನ್ನು ಕೆಲವರು ಬೆನ್ನಿಗೊಂದು ಚೀಲ ಹಾಕಿಕೊಂಡು, ನಡೆಯಲು ಗಟ್ಟಿಯಾದ ಬೂಟು ಮೆಟ್ಟಿಕೊಂಡು, ಏನೂ ಇಲ್ಲದ ಕಡೆಗೆ ಹೋಗುತ್ತಾರೆ. ಈ 'ಏನೂ ಇಲ್ಲದ' ಕಡೆಗಳಲ್ಲಿ ಒಂದು, ದಕ್ಷಿಣ ಫ್ರಾನ್ಸಿನ ಸೇವೆನ್ ಬೆಟ್ಟಸೀಮೆ. ಇಂಗ್ಲಿಷಿನ ಏಳಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಅಲ್ಲಿರುವ ಬೆಟ್ಟಗಳು ಏಳಕ್ಕಿಂತ ಬಹಳ ಹೆಚ್ಚು.

ಇಂದು ನಾನು ಹೇಳಬೇಕೆಂದಿರುವುದು ಈ ಸೀಮೆಯ ಬಗ್ಗೆ. ಅಲ್ಲಿ ಏನು ನೋಡಬಹುದು ಎಂಬುದನ್ನು ಖಂಡಿತ ಹೇಳುತ್ತೇನೆ. ಆದರೆ ಅದಕ್ಕಿಂತ ಮುಖ್ಯವಾಗಿ, ಅಲ್ಲಿಗೆ ಹೋದವರೆಲ್ಲ ಹೊಗಳುವ ಆ ಮೌನ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಏಕೆಂದರೆ ಅದು ಸೃಷ್ಟಿಯ ಆದಿಯಿಂದ ಅಲ್ಲಿ ಇದ್ದ ಮೌನವಲ್ಲ. ಅದಕ್ಕೊಂದು ಚರಿತ್ರೆಯಿದೆ, ಅದಕ್ಕೆ ಬೆಲೆ ತೆತ್ತ ಜನರಿದ್ದಾರೆ.

ಮೊದಲು ಜಾಗದ ಪರಿಚಯ. ಫ್ರಾನ್ಸಿನ ಮಧ್ಯಭಾಗದಲ್ಲಿ ಒಂದು ದೊಡ್ಡ ಎತ್ತರದ ನಾಡಿದೆ. ಅದರ ಆಗ್ನೇಯದ ಅಂಚೇ ಸೇವೆನ್. ಇದರ ಬಹುಭಾಗ ಲೊಜೇರ್ ಮತ್ತು ಗಾರ್ ಎಂಬ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಲೊಜೇರ್ ಫ್ರಾನ್ಸಿನಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ. ಅದರ ವಿಸ್ತೀರ್ಣ 5 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು; ಜನಸಂಖ್ಯೆ ಸುಮಾರು 76 ಸಾವಿರ. ಅಂದರೆ ಚದರ ಕಿಲೋಮೀಟರಿಗೆ ಹದಿನೈದು ಜನ. ಇಡೀ ಫ್ರಾನ್ಸಿನ ಸರಾಸರಿ ನೂರನ್ನು ಮೀರುತ್ತದೆ. ಜಿಲ್ಲಾ ಕೇಂದ್ರವಾದ ಮಾಂದ್ ಪಟ್ಟಣದಲ್ಲೇ ಇರುವವರು ಸುಮಾರು 12 ಸಾವಿರ ಮಂದಿ.

ಈ ಪುಟ್ಟ ಸೀಮೆಯಲ್ಲಿ ಮೂರು ಬಗೆಯ ಕಲ್ಲು, ಮೂರು ಬಗೆಯ ನೆಲ. ಉತ್ತರಕ್ಕೆ ಗ್ರಾನೈಟಿನ ಲೊಜೇರ್ ಪರ್ವತ. ಅದರ ನೆತ್ತಿ 1,699 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಸುಣ್ಣಕಲ್ಲಿನ ಬೋಳು ಪ್ರಸ್ಥಭೂಮಿಗಳು. ಇವುಗಳನ್ನು 'ಕೋಸ್' ಎನ್ನುತ್ತಾರೆ. ಮಳೆ ನೀರೆಲ್ಲ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಮೇಲೆ ಹುಲ್ಲು, ಕುರಿ, ಗಾಳಿ ಬಿಟ್ಟರೆ ಹೆಚ್ಚೇನಿಲ್ಲ. ಕೆಳಗೆ ತಾರ್ನ್ ಮತ್ತು ಜೋಂತ್ ನದಿಗಳು ನೂರಾರು ಮೀಟರ್ ಆಳದ ಕಮರಿಗಳನ್ನು ಕೊರೆದಿವೆ. ದಕ್ಷಿಣಕ್ಕೆ ಪದರು ಪದರಾಗಿ ಸೀಳುವ ಕಪ್ಪು ಶಿಲೆಯ ಕಡಿದಾದ ಕಣಿವೆಗಳು, ಅವುಗಳಲ್ಲಿ ಚೆಸ್ಟ್‌ನಟ್ ತೋಪುಗಳು. ಮನೆಯ ಗೋಡೆ, ಮಾಡು, ಬೇಲಿ ಎಲ್ಲವೂ ಆಯಾ ನೆಲದ ಕಲ್ಲಿನವೇ. ಹಾಗಾಗಿ ಊರುಗಳು ಬೆಟ್ಟದಿಂದಲೇ ಎದ್ದು ನಿಂತಂತೆ ಕಾಣುತ್ತವೆ.

ಲೊಜೇರ್ ಪರ್ವತದ ಹಳ್ಳಿಗಳಲ್ಲಿ ಒಂದು ವಿಶೇಷವಿದೆ. ಚರ್ಚ್ ಇಲ್ಲದ ಪುಟ್ಟ ಊರುಗಳಲ್ಲೂ ಒಂದು ಗಂಟೆಗೋಪುರ ಇರುತ್ತದೆ. ಅದು ಪೂಜೆಗಾಗಿ ಕಟ್ಟಿದ್ದಲ್ಲ. ಚಳಿಗಾಲದಲ್ಲಿ ಹಿಮದ ಬಿರುಗಾಳಿ ಎದ್ದಾಗ ದಾರಿ ತಪ್ಪಿದವರಿಗೆ ಊರು ಯಾವ ದಿಕ್ಕಿನಲ್ಲಿದೆ ಎಂದು ತಿಳಿಸಲು ಈ ಗಂಟೆ ಬಾರಿಸುತ್ತಿದ್ದರು. ಇವುಗಳನ್ನು ಬಿರುಗಾಳಿಯ ಗಂಟೆಗೋಪುರಗಳು ಎಂದೇ ಕರೆಯುತ್ತಾರೆ. ಇಂದಿನ ಪ್ರವಾಸಿ ಮೌನ ಹುಡುಕಿಕೊಂಡು ಈ ಊರಿಗೆ ಬರುತ್ತಾನೆ. ಅಂದಿನ ದಾರಿಹೋಕನಿಗೆ ಇಲ್ಲಿನ ಮೌನವೆಂದರೆ ಸಾವು. ಗಂಟೆಯ ಸದ್ದೆಂದರೆ ಜೀವ. ನಾವು ನೆನಪಿಡಬೇಕಾದ ಮೊದಲ ಸಂಗತಿ ಇದು.

ಈಗ ಚರಿತ್ರೆಗೆ ಬರೋಣ. ಹದಿನಾರನೆಯ ಶತಮಾನದಲ್ಲಿ ಸೇವೆನ್ ಜನ ದೊಡ್ಡ ಸಂಖ್ಯೆಯಲ್ಲಿ ಪ್ರಾಟೆಸ್ಟಂಟ್ ಮತಕ್ಕೆ ಸೇರಿದರು. 1598ರಲ್ಲಿ ನಾಲ್ಕನೆಯ ಹೆನ್ರಿ ಹೊರಡಿಸಿದ ನಾಂತ್ ಶಾಸನ ಅವರಿಗೆ ಪೂಜೆಯ ಹಕ್ಕು ಕೊಟ್ಟಿತ್ತು. 1685ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ರದ್ದು ಮಾಡಿದ. ಅವರ ಚರ್ಚುಗಳನ್ನು ಕೆಡವಿದರು, ಬೋಧಕರನ್ನು ದೇಶದಿಂದ ಅಟ್ಟಿದರು. ಅಂದಿನಿಂದ ಜನ ರಾತ್ರಿ ಹೊತ್ತು ಕಾಡಿನಲ್ಲಿ, ಗುಹೆಯಲ್ಲಿ, ಬೆಟ್ಟದ ಬಯಲಿನಲ್ಲಿ ಗುಟ್ಟಾಗಿ ಸೇರಿ ಪ್ರಾರ್ಥನೆ ಮಾಡತೊಡಗಿದರು. ಆ ಕಾಲವನ್ನು ಅವರು ಬೈಬಲ್ಲಿನ ನೆನಪಿನಲ್ಲಿ 'ಮರುಭೂಮಿ' ಎಂದು ಕರೆದರು.

1702ರ ಜುಲೈಯಲ್ಲಿ ಪಾಂ ದ ಮೋಂವೆರ್ ಎಂಬ ಹಳ್ಳಿಯಲ್ಲಿ, ತಮ್ಮವರನ್ನು ಹಿಡಿದಿಟ್ಟು ಹಿಂಸಿಸುತ್ತಿದ್ದ ಪಾದ್ರಿ ದ್ಯು ಶೈಲಾನನ್ನು ಜನ ಕೊಂದರು. ಅಲ್ಲಿಂದ ಎರಡು ವರ್ಷ ಗೆರಿಲ್ಲಾ ಯುದ್ಧ ನಡೆಯಿತು. ಹೋರಾಡಿದವರು ಕುರುಬರು, ಉಣ್ಣೆ ಹಿಂಜುವವರು, ರೈತರು. ಅವರಿಗೆ 'ಕಾಮಿಸಾರ್' ಎಂದು ಹೆಸರು. ಅವರ ಮುಖ್ಯ ನಾಯಕರಲ್ಲಿ ಒಬ್ಬನಾದ ಜಾಂ ಕವಾಲಿಯೆ ಬ್ರೆಡ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ, ಇಪ್ಪತ್ತರ ಆಸುಪಾಸಿನ ಹುಡುಗ. ಬಂಡುಕೋರರಿಗೆ ಅನ್ನ, ಆಸರೆ ಸಿಗದಂತೆ ಮಾಡಲು ರಾಜನ ಸೈನ್ಯ 1703ರ ಶರತ್ಕಾಲದಲ್ಲಿ ಇಲ್ಲಿನ ನಾನೂರಕ್ಕೂ ಹೆಚ್ಚು ಹಳ್ಳಿ, ಕೇರಿಗಳನ್ನು ಹಾಳುಗೆಡವಿತು. ಪ್ರವಾಸಿಗರು ಇಂದು 'ಎಷ್ಟು ಪ್ರಶಾಂತ' ಎಂದು ಉದ್ಗರಿಸುವ ಅನೇಕ ಬೆಟ್ಟದ ಸಾಲುಗಳು ಹೀಗೆ ಒಮ್ಮೆ ಬಲವಂತವಾಗಿ ಬರಿದಾದವು. ಮಿಯಾಲೆ ಗ್ರಾಮದ ಹತ್ತಿರ, ಈ ಕಾಲದ ನೆನಪಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ; ಅದರ ಹೆಸರು 'ಮರುಭೂಮಿ ಮ್ಯೂಸಿಯಂ'. ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ಭಾನುವಾರ ಅಲ್ಲಿನ ಮರಗಳ ಕೆಳಗೆ ಸಾವಿರಾರು ಜನ ಸೇರುತ್ತಾರೆ.

ಆದರೆ ಊರುಗಳು ಮತ್ತೆ ಎದ್ದವು. ಅವುಗಳನ್ನು ಎಬ್ಬಿಸಿ ನಿಲ್ಲಿಸಿದ್ದು ಎರಡು ಮರಗಳು. ಒಂದು ಚೆಸ್ಟ್‌ನಟ್, ಇನ್ನೊಂದು ಹಿಪ್ಪುನೇರಳೆ.

ಗೋಧಿ ಬೆಳೆಯಲಾಗದ ಕಡಿದಾದ ಇಳಿಜಾರಿನಲ್ಲಿ ಚೆಸ್ಟ್‌ನಟ್ ಬೆಳೆಯುತ್ತದೆ. ಜನ ಅದನ್ನು 'ರೊಟ್ಟಿಯ ಮರ' ಎಂದೇ ಕರೆದರು. ಕಾಯಿ ಒಣಗಿಸಲು ತೋಪಿನ ನಡುವೆ ಎರಡಂತಸ್ತಿನ ಪುಟ್ಟ ಕಲ್ಲಿನ ಮನೆ ಕಟ್ಟುತ್ತಿದ್ದರು. ಕೆಳಗೆ ವಾರಗಟ್ಟಲೆ ಹೊಗೆಯಾಡುವ ಸಣ್ಣ ಬೆಂಕಿ, ಮೇಲೆ ಅಟ್ಟದ ತುಂಬ ಕಾಯಿ. ನಮ್ಮ ಅಡಿಕೆ ಅಟ್ಟ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಹೀಗೆ ಒಣಗಿಸಿದ ಕಾಯಿ ಚಳಿಗಾಲವಿಡೀ ಮನೆಮಂದಿಗೆ ಊಟ.

ಹೊಟ್ಟೆಗೆ ಚೆಸ್ಟ್‌ನಟ್ ಆದರೆ, ಕೈಗೆ ಕಾಸು ತಂದದ್ದು ರೇಷ್ಮೆ. ಹಿಪ್ಪುನೇರಳೆಯನ್ನು ಅವರು 'ಚಿನ್ನದ ಮರ' ಎಂದರು. 1709ರ ಘೋರ ಚಳಿಗೆ ಹಳೆಯ ಮರಗಳು ಸತ್ತ ಮೇಲೆ ಇದರ ನಾಟಿ ಭರದಿಂದ ನಡೆಯಿತು. ಇಲ್ಲಿನ ಹಳೆಯ ತೋಟದ ಮನೆಗಳಲ್ಲಿ ಎತ್ತರದ, ಸಣ್ಣ ಕಿಟಕಿಗಳ ಮೇಲಂತಸ್ತು ಕಂಡರೆ ಅದು ಹುಳು ಸಾಕುವ ಮನೆ ಎಂದು ತಿಳಿಯಬಹುದು. ಮೊಟ್ಟೆ ಮರಿಯಾಗಲು ಬೇಕಾದ ಬಿಸಿಗಾಗಿ ಹೆಂಗಸರು ಪುಟ್ಟ ಚೀಲದಲ್ಲಿ ಮೊಟ್ಟೆ ತುಂಬಿ ತಮ್ಮ ಉಡುಪಿನೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ಈ ಕಣಿವೆಗಳು ಜನರಿಂದ ಗಿಜಿಗುಡುತ್ತಿದ್ದವು. 1853ರಲ್ಲಿ ಫ್ರಾನ್ಸ್ ಸುಮಾರು 26 ಸಾವಿರ ಟನ್ ಗೂಡು ಬೆಳೆಯಿತು. ಅದೇ ಶಿಖರ.

ಮುಂದಿನ ಹನ್ನೆರಡು ವರ್ಷಗಳಲ್ಲಿ ಅದು 4 ಸಾವಿರ ಟನ್ನಿಗೆ ಕುಸಿಯಿತು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಹುಳು ಗೂಡು ಕಟ್ಟುವ ಮೊದಲೇ ಸಾಯತೊಡಗಿದವು. ನಮ್ಮ ರೇಷ್ಮೆ ಬೆಳೆಗಾರರು ಗಂಟು ರೋಗ ಎನ್ನುವ 'ಪೆಬ್ರಿನ್' ಇದೇ. ಆ ಹೆಸರೇ ಅಲ್ಲಿನ ಆಡುಮಾತಿನಲ್ಲಿ ಮೆಣಸಿಗಿರುವ ಪದದಿಂದ ಬಂದದ್ದು. 1865ರಲ್ಲಿ ಸರ್ಕಾರ ಲೂಯಿ ಪಾಶ್ಚರರನ್ನು ಅಲೆಸ್ ಪಟ್ಟಣಕ್ಕೆ ಕಳುಹಿಸಿತು. ಅದುವರೆಗೆ ಅವರು ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡಿದವರೇ ಅಲ್ಲ. ಐದು ವರ್ಷ ಅವರು ಪದೇ ಪದೇ ಇಲ್ಲಿಗೆ ಬಂದರು. ನಡುವೆ ಮಕ್ಕಳನ್ನು ಕಳೆದುಕೊಂಡರು, 1868ರಲ್ಲಿ ಪಾರ್ಶ್ವವಾಯು ಬಡಿಯಿತು, ಆದರೂ ಬಿಡಲಿಲ್ಲ. ಕೊನೆಗೆ ಕಂಡುಕೊಂಡ ಪರಿಹಾರ ಸರಳ. ಪ್ರತಿ ತಾಯಿ ಚಿಟ್ಟೆಯೂ ಬೇರೆ ಬೇರೆಯಾಗಿ ಮೊಟ್ಟೆ ಇಡುವಂತೆ ಮಾಡಿ. ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಹಾಕಿ.

ಇಲ್ಲಿ ನಮಗೂ ಆ ಬೆಟ್ಟಗಳಿಗೂ ಒಂದು ನೇರ ನಂಟಿದೆ. ಇಂದಿಗೂ ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಮೊಟ್ಟೆಯನ್ನು ರೈತರಿಗೆ ಕೊಡುವುದು. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ಹಿಂದೆ, ನೂರೈವತ್ತು ವರ್ಷಗಳ ಹಿಂದೆ ಸೇವೆನ್ ಕಣಿವೆಯಲ್ಲಿ ಕಲಿತ ಪಾಠವಿದೆ.

ಪಾಶ್ಚರ್ ರೋಗವನ್ನು ತಡೆದರು. ಸೇವೆನ್‌ನ ರೇಷ್ಮೆಯನ್ನು ಉಳಿಸಲಾಗಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಏಷ್ಯಾದ ಅಗ್ಗದ ರೇಷ್ಮೆ ಹಡಗಿನಲ್ಲಿ ಸಲೀಸಾಗಿ ಬಂದಿಳಿಯಿತು. ಆಮೇಲೆ ಕೃತಕ ನೂಲು ಬಂತು. ಚೆಸ್ಟ್‌ನಟ್ ಮರಗಳಿಗೆ ಬೇರು ಕೊಳೆಸುವ ರೋಗ ತಗುಲಿತು. ಉಳಿದ ಮರಗಳಲ್ಲಿ ಎಷ್ಟೋ, ತೊಗಲು ಹದ ಮಾಡುವ ಟ್ಯಾನಿನ್ ಕಾರ್ಖಾನೆಗಳ ಪಾಲಾದವು. 1870ರಲ್ಲಿ ಬೆಟ್ಟ ಕೊರೆದು ಬಂದ ರೈಲು, ಹೊರಗಿನ ಸರಕನ್ನು ಒಳಗೆ ತಂದು ಒಳಗಿನ ಯುವಕರನ್ನು ಹೊರಗೆ ಒಯ್ದಿತು. ಅಲೆಸ್ ಸುತ್ತಲಿನ ಕಲ್ಲಿದ್ದಲ ಗಣಿಗಳು, ನೀಮ್, ಮೋಂಪೆಲಿಯೆ, ಪ್ಯಾರಿಸ್ ನಗರಗಳು ಜನರನ್ನು ಕರೆದವು. 1914ರ ಮಹಾಯುದ್ಧ ಉಳಿದ ಗಂಡಸರನ್ನು ಕರೆಯಿತು. ಅಲ್ಲಿನ ಯಾವ ಸಣ್ಣ ಹಳ್ಳಿಗೆ ಹೋದರೂ ಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಕಂಬ ಒಂದಿರುತ್ತದೆ. ಕೆಲವೆಡೆ ಆ ಪಟ್ಟಿ ನೋಡಿದರೆ ಇಷ್ಟು ಪುಟ್ಟ ಊರಿನಲ್ಲಿ ಇಷ್ಟೊಂದು ಯುವಕರಿದ್ದರೇ ಎನ್ನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಲೊಜೇರ್ ಜಿಲ್ಲೆಯಲ್ಲಿ 1 ಲಕ್ಷ 44 ಸಾವಿರ ಜನರಿದ್ದರು. 1990ರ ಹೊತ್ತಿಗೆ 73 ಸಾವಿರವೂ ಇರಲಿಲ್ಲ. ಸಾಂ ಜಾಂ ದ್ಯು ಗಾರ್ ಎಂಬ ಊರಿನ ಕೊನೆಯ ನೂಲು ತೆಗೆಯುವ ಕಾರ್ಖಾನೆ 1965ರಲ್ಲಿ ಮುಚ್ಚಿತು. ಇಂದು ಅದು ಮ್ಯೂಸಿಯಂ. ನಾನು ಕೇಳಿದ ಪ್ರಶ್ನೆಗೆ ಉತ್ತರದ ಮೊದಲರ್ಧ ಇದು. ಆ ಮೌನ, ಬಹಳ ಮಟ್ಟಿಗೆ, ಊರು ಬಿಟ್ಟು ಹೋದವರು ಬಿಟ್ಟುಹೋದ ಮೌನ.

ಹಾಗಾದರೆ ಇದು ವಿಶ್ರಾಂತಿಯ ತಾಣ ಆದದ್ದು ಹೇಗೆ? ಇದರ ಹಿಂದೆ ಒಬ್ಬ ಲೇಖಕ, ಒಂದು ಕಾನೂನು, ಒಂದು ಬಾಡಿಗೆ ಮನೆಯ ಕಥೆ ಇದೆ.

ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. 'ಟ್ರೆಷರ್ ಐಲ್ಯಾಂಡ್' ಬರೆಯುವ ಮೊದಲು, 1878ರ ಸೆಪ್ಟೆಂಬರಿನಲ್ಲಿ, 27 ವರ್ಷದ ಈ ಸ್ಕಾಟಿಷ್ ತರುಣ ಮೊಡೆಸ್ಟಿನ್ ಎಂಬ ಹೆಣ್ಣು ಕತ್ತೆಯ ಬೆನ್ನಿಗೆ ಸಾಮಾನು ಹೇರಿ, ಲ ಮೊನಾಸ್ತಿಯೆ ಊರಿನಿಂದ ಸಾಂ ಜಾಂ ದ್ಯು ಗಾರ್‌ವರೆಗೆ ಹನ್ನೆರಡು ದಿನ ನಡೆದ. ತಾನೇ ಯೋಚಿಸಿ ಹೊಲಿಸಿಕೊಂಡ ಮಲಗುವ ಚೀಲದಲ್ಲಿ ನಕ್ಷತ್ರಗಳ ಕೆಳಗೆ ನಿದ್ರಿಸಿದ. ಮಲಗಲು ಮನೆಯಿದ್ದವನು ಬೇಕೆಂದೇ ಬಯಲಲ್ಲಿ ಮಲಗುವುದು ಅಲ್ಲಿನ ರೈತರಿಗೆ ಹುಚ್ಚಾಟವಾಗಿ ಕಂಡಿರಬೇಕು. ಮರುವರ್ಷ ಅವನ ಪುಸ್ತಕ ಬಂತು. ಅವನು ನಡೆದ ಹಾದಿ ಇಂದು 'ಸ್ಟೀವನ್‌ಸನ್ ಹಾದಿ' ಎಂಬ ಹೆಸರಿನ, ಎರಡೂ ತುದಿಯಲ್ಲಿ ಬೆಳೆದ, ಸುಮಾರು 270 ಕಿಲೋಮೀಟರ್ ಕಾಲುದಾರಿ. ಬೇಕೆಂದವರಿಗೆ ಬಾಡಿಗೆಗೆ ಕತ್ತೆಯೂ ಸಿಗುತ್ತದೆ.

ಕಾನೂನು ಬಂದದ್ದು 1936ರಲ್ಲಿ. ಆ ವರ್ಷ ಫ್ರಾನ್ಸಿನ ಕಾರ್ಮಿಕರಿಗೆಲ್ಲ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕಡ್ಡಾಯವಾಯಿತು. 1982ರ ಹೊತ್ತಿಗೆ ಅದು ಐದು ವಾರವಾಯಿತು. ವಿಶ್ರಾಂತಿ ಎಂಬುದು ಸ್ಟೀವನ್‌ಸನ್‌ನಂಥ ಅನುಕೂಲಸ್ಥರ ಮಕ್ಕಳ ಸೊತ್ತಾಗಿ ಉಳಿಯದೆ ಕೂಲಿಕಾರರ ಹಕ್ಕೂ ಆಯಿತು.

ಮೂರನೆಯದು 'ಜೀತ್' ಎಂದು ಕರೆಯುವ ಹಳ್ಳಿಯ ಬಾಡಿಗೆ ಮನೆ. ಇಂಥ ಮೊದಲ ಮನೆ ತೆರೆದದ್ದು 1951ರಲ್ಲಿ, ಆಲ್ಪ್ಸ್ ಪ್ರದೇಶದಲ್ಲಿ. ಉದ್ದೇಶ ಎರಡು: ಪಾಳು ಬೀಳುತ್ತಿದ್ದ ರೈತರ ಮನೆಗಳನ್ನು ಸರ್ಕಾರದ ನೆರವಿನಿಂದ ದುರಸ್ತಿ ಮಾಡಿ ಅವರಿಗೆ ಒಂದಿಷ್ಟು ಆದಾಯ ಬರುವಂತೆ ಮಾಡುವುದು, ದುಬಾರಿ ಹೋಟೆಲು ಹತ್ತಲಾಗದ ಪಟ್ಟಣದ ಕುಟುಂಬಗಳಿಗೆ ರಜೆಯಲ್ಲಿ ತಂಗಲು ಜಾಗ ಒದಗಿಸುವುದು. ಅಂದರೆ ಹಳ್ಳಿಯ ಪ್ರವಾಸ ಅಲ್ಲಿ ಹುಟ್ಟಿದ್ದು ಹಳ್ಳಿ ಬರಿದಾಗುವುದನ್ನು ತಡೆಯಲೆಂದು. ಈ ಮಾತನ್ನು ನಾವು ಮರೆಯಬಾರದು.

ಆದರೆ ಜನ ಕಡಿಮೆ ಇರುವ ಜಾಗವನ್ನು ಖಾಲಿ ಜಾಗ ಎಂದು ತಿಳಿಯುವ ಅಪಾಯ ಸದಾ ಇರುತ್ತದೆ. ಸುದ್ದಿಮನೆಯ ನಾವೂ ಅದಕ್ಕೆ ಹೊರತಲ್ಲ. ಜನ ಕಡಿಮೆಯಾದಲ್ಲಿ ಸುದ್ದಿಯೂ ಕಡಿಮೆ ಎಂದುಕೊಳ್ಳುವ ವೃತ್ತಿ ನಮ್ಮದು. 1971ರಲ್ಲಿ ಫ್ರೆಂಚ್ ಸರ್ಕಾರವೂ ಹಾಗೆಯೇ ಎಣಿಸಿತು. ಸೇವೆನ್ ಪಕ್ಕದ ಲಾರ್ಜಾಕ್ ಪ್ರಸ್ಥಭೂಮಿಯಲ್ಲಿ 3 ಸಾವಿರ ಹೆಕ್ಟೇರಿನ ಸೇನಾ ಶಿಬಿರವನ್ನು 17 ಸಾವಿರ ಹೆಕ್ಟೇರಿಗೆ ವಿಸ್ತರಿಸುವುದಾಗಿ ಸಾರಿತು. ಅಲ್ಲಿದ್ದವರು ಕುರಿ ಸಾಕುವ ರೈತರು. ಅವರಲ್ಲಿ 103 ಮಂದಿ, ಜಮೀನು ಬಿಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಸಹಿ ಹಾಕಿದರು.

ಅವರಿಗೆ ದಾರಿ ತೋರಿದವರಲ್ಲಿ ಒಬ್ಬರು ಲಾಂಜಾ ದೆಲ್ ವಾಸ್ತೊ. ಇಟಲಿಯಲ್ಲಿ ಹುಟ್ಟಿದ ಇವರು 1937ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರ ಬಳಿ ಇದ್ದವರು. ಶಾಂತಿದಾಸ ಎಂಬ ಹೆಸರು ಗಾಂಧೀಜಿಯೇ ಕೊಟ್ಟದ್ದು. 1972ರಲ್ಲಿ ಎಪ್ಪತ್ತು ದಾಟಿದ ಶಾಂತಿದಾಸರು ಲಾರ್ಜಾಕ್‌ನಲ್ಲಿ ಹದಿನೈದು ದಿನ ಉಪವಾಸ ಕುಳಿತರು. ರೈತರು ಸರದಿಯ ಮೇಲೆ ಅವರ ಜೊತೆ ಉಪವಾಸವಿದ್ದರು. ಅದೇ ವರ್ಷ ರೈತರು ಐಫೆಲ್ ಗೋಪುರದ ಕೆಳಗಿನ ಹುಲ್ಲುಹಾಸಿನ ಮೇಲೆ ತಮ್ಮ ಕುರಿಗಳನ್ನು ಮೇಯಲು ಬಿಟ್ಟರು. ಹತ್ತು ವರ್ಷ ನಡೆದ ಹೋರಾಟ 1981ರಲ್ಲಿ ಮುಗಿಯಿತು. ಅಧ್ಯಕ್ಷರಾಗಿ ಆಯ್ಕೆಯಾದ ಮಿತೆರಾಂ ವಿಸ್ತರಣೆಯ ಯೋಜನೆಯನ್ನು ಕೈಬಿಟ್ಟರು. ಖಾಲಿ ಎಂದುಕೊಂಡ ಜಾಗ ಖಾಲಿಯಾಗಿರಲಿಲ್ಲ.

ಇನ್ನು ಪ್ರಕೃತಿಯ ಮಾತು. 1970ರಲ್ಲಿ ಸೇವೆನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಅದರ ಒಳವಲಯದಲ್ಲೇ ಕೆಲವು ನೂರು ಜನ ವಾಸವಾಗಿದ್ದಾರೆ. ಕೃಷಿ ಮಾಡುತ್ತಾರೆ, ಕುರಿ ಮೇಯಿಸುತ್ತಾರೆ. ಅವರನ್ನು ಎಬ್ಬಿಸಿ ಉದ್ಯಾನ ಮಾಡಲಿಲ್ಲ. 2011ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೊಟ್ಟ ಕಾರಣವೂ ಇದಕ್ಕೆ ಹೊಂದುವಂಥದ್ದೇ. ಮನುಷ್ಯನ ಕೈ ತಾಗದ ಕಾಡು ಎಂದು ಅದನ್ನು ಆರಿಸಲಿಲ್ಲ. ಸಾವಿರಾರು ವರ್ಷ ಕುರಿ ಮೇಯಿಸಿ, ಕಲ್ಲು ಜೋಡಿಸಿ ಜನರು ರೂಪಿಸಿದ ನೆಲವೆಂದು ಅದನ್ನು ಗೌರವಿಸಿತು.

ಇದು ಬರಿಯ ಮಾತಲ್ಲ. ಜೋಂತ್ ಕಮರಿಯ ಮೇಲೆ ಇಂದು ದೊಡ್ಡ ರಣಹದ್ದುಗಳು ರೆಕ್ಕೆ ಅಲುಗಿಸದೆ ಸುತ್ತುವುದನ್ನು ನೋಡಲು ಜನ ಬರುತ್ತಾರೆ. 1940ರ ದಶಕದ ಹೊತ್ತಿಗೆ ಅವು ಇಲ್ಲಿಂದ ಅಳಿದುಹೋಗಿದ್ದವು. 1981ರಿಂದ ಅವುಗಳನ್ನು ತಂದು ಮತ್ತೆ ನೆಲೆಗೊಳಿಸಿದರು. ಅವುಗಳ ಮುಖ್ಯ ಆಹಾರ ಸತ್ತ ಕುರಿಗಳು. ಕುರಿ ಸಾಕುವವರು ಹೋದರೆ ಹದ್ದಿಗೂ ಕೂಳಿಲ್ಲ. ಕೋಸ್‌ನ ಹುಲ್ಲುಗಾವಲೂ ಹಾಗೆಯೇ. ಮೇಯುವ ಬಾಯಿ ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ಪೊದೆ, ಪೈನ್ ಮರ ಆವರಿಸಿ ಆ ತೆರೆದ ದಿಗಂತ ಮುಚ್ಚಿಹೋಗುತ್ತದೆ. ಕತ್ತಲೆಯನ್ನೂ ಅಲ್ಲಿ ಜೋಪಾನ ಮಾಡಿದ್ದಾರೆ. ಊರುಗಳು ಬೀದಿದೀಪಗಳನ್ನು ಬದಲಿಸಿ, ತಗ್ಗಿಸಿ, 2018ರಲ್ಲಿ ಅಂತರರಾಷ್ಟ್ರೀಯ 'ಕಪ್ಪು ಆಗಸದ ಮೀಸಲು ಪ್ರದೇಶ' ಎಂಬ ಮನ್ನಣೆ ಪಡೆದವು. ಅಲ್ಲಿ ಬರಿಗಣ್ಣಿಗೆ ಕಾಣುವ ಆಕಾಶಗಂಗೆ ಊರಿನವರು ತೀರ್ಮಾನಿಸಿ ಉಳಿಸಿಕೊಂಡದ್ದು.

ಪ್ರಶ್ನೆಗೆ ಉತ್ತರದ ಉಳಿದರ್ಧ ಇದೇ. ಆ ಮೌನ ಹೋದವರಿಂದ ಬಂತು. ಅದನ್ನು ಬಾಳಿಸಿಕೊಂಡು ಬಂದವರು ಉಳಿದವರು. 1968ರ ನಂತರ ನಗರ ಬಿಟ್ಟು ಇಲ್ಲಿಗೆ ಬಂದು ಆಡು ಸಾಕಿ ಗಿಣ್ಣು ಮಾಡಲು ಕಲಿತ ತರುಣರೂ ಈ ಉಳಿದವರ ಜೊತೆ ಸೇರಿದರು. ಆಡಿನ ಹಾಲಿನ ಪೆಲಾರ್ದೋಂ ಗಿಣ್ಣಿಗೆ, ಕಲ್ಲು ಕಟ್ಟೆಯ ಮೆಟ್ಟಿಲು ಹೊಲಗಳಲ್ಲಿ ಬೆಳೆಯುವ ಸಿಹಿ ಈರುಳ್ಳಿಗೆ ಈಗ ಊರ ಹೆಸರಿನ ಕಾನೂನು ರಕ್ಷಣೆಯಿದೆ. ಹಾಗೆಂದು ಎಲ್ಲವೂ ಚೆನ್ನಾಗಿದೆ ಎನ್ನಲಾಗದು. ಬೇಸಿಗೆಯಲ್ಲಿ ಮಾತ್ರ ತೆರೆಯುವ ಪಟ್ಟಣಿಗರ ಮನೆಗಳು ಹಲವಾರಿವೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಬೀದಿಯಲ್ಲಿ ಶಾಲೆ, ಅಂಚೆ ಕಚೇರಿ, ಬ್ರೆಡ್ ಅಂಗಡಿ ಉಳಿಸಿಕೊಳ್ಳುವುದು ಸುಲಭವಲ್ಲ. ತೋಳ ಹಿಂತಿರುಗಿದೆ, ನಗರದವರಿಗೆ ಅದು ಸಂತೋಷ, ಕುರಿಗಾಹಿಗೆ ನಿದ್ದೆಗೇಡು.

ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೊರಟರೆ ಮೇ, ಜೂನ್ ಒಳ್ಳೆಯ ಕಾಲ. ಜೂನಿನಲ್ಲಿ ಕುರಿಮಂದೆಗಳು ಬಯಲಿನಿಂದ ಬೆಟ್ಟಕ್ಕೆ ಏರುತ್ತವೆ. ಸೆಪ್ಟೆಂಬರ್ ಸೊಗಸು, ಆದರೆ ಶರತ್ಕಾಲದ ಮಳೆಯ ಬಗ್ಗೆ ಎಚ್ಚರವಿರಲಿ. ಮೆಡಿಟರೇನಿಯನ್ ಕಡಲ ತೇವದ ಗಾಳಿ ಈ ಬೆಟ್ಟಗಳಿಗೆ ಬಡಿದಾಗ ಆಗುಂಬೆಯವರೂ ಬೆಚ್ಚುವಂಥ ಮಳೆ ಸುರಿಯುತ್ತದೆ. 1900ರ ಸೆಪ್ಟೆಂಬರ್ 29ರಂದು ವಾಲ್ರೋಗ್ ಎಂಬ ಊರಿನಲ್ಲಿ ಒಂದೇ ದಿನ 950 ಮಿಲಿಮೀಟರ್ ಬಿದ್ದ ದಾಖಲೆಯಿದೆ. ಹೊಳೆದಂಡೆಯಲ್ಲಿ ಡೇರೆ ಹಾಕಬೇಡಿ. ನೀಮ್‌ನಿಂದ ಕ್ಲೆರ್ಮೋಂ ಫೆರಾಂಗೆ ಹೋಗುವ ರೈಲು ಈ ಬೆಟ್ಟಗಳ ನಡುವೆ ನಿಧಾನವಾಗಿ ಸಾಗುತ್ತದೆ. ಆತುರವಿಲ್ಲದವರಿಗೆ ಅದೇ ಸರಿ.

ಅಲ್ಲಿ ಪಾಲಿಸಬೇಕಾದ ರೀತಿಗಳು ಹೆಚ್ಚೇನಿಲ್ಲ. ಅಂಗಡಿಯ ಬಾಗಿಲು ದಾಟುವಾಗ ಮೊದಲು 'ಬೋಂಜೂರ್' ಎಂದು ನಮಸ್ಕರಿಸಿ, ಆಮೇಲೆ ಮಾತು. ಕಾಲುದಾರಿಗೆ ಅಡ್ಡವಾಗಿ ಗೇಟು ಇದ್ದರೆ, ತೆರೆದು ದಾಟಿದ ಮೇಲೆ ಮತ್ತೆ ಮುಚ್ಚಿ. ಅದರಾಚೆ ಯಾರದೋ ಕುರಿಗಳಿರುತ್ತವೆ. ಮಂದೆಯ ಕಾವಲಿಗಿರುವ ಬಿಳಿ ನಾಯಿಗಳಿಂದ ದೂರ ಸುತ್ತಿ ನಡೆಯಿರಿ. ಬ್ರೆಡ್ಡು, ಗಿಣ್ಣು, ಜೇನನ್ನು ಆ ಊರಿನಲ್ಲೇ ಕೊಳ್ಳಿ. ನಿಮ್ಮ ಆ ಹತ್ತು ಯೂರೊ, ಚಳಿಗಾಲದಲ್ಲೂ ಆ ಅಂಗಡಿಯ ಬಾಗಿಲು ತೆರೆದಿರಲು ಒಂದಿಷ್ಟು ನೆರವಾದೀತು.